ಮೂವತ್ತೇಳು ಹೆಸರು, ಒಂದೇ ಹೆಬ್ಬೆಟ್ಟು

೨೦೦೨ರ ಏಪ್ರಿಲ್ ೧೧, ಗುರುವಾರ ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಬಿಳಿಗೆರೆಯ ಚಿಕ್ಕಗಂಗಮ್ಮ ಮೊಮ್ಮಗಳು ಅನುಪಮಾಳನ್ನು ಕರೆದುಕೊಂಡು ಠಾಣೆಗೆ ಬಂದು, ಇನ್ಸ್‌ಪೆಕ್ಟರ್ ಶ್ರೀರಂಗಯ್ಯನವರ ಮೇಜಿನ ಮೇಲೆ ಒಂದು ಜೆರಾಕ್ಸ್ ಹಾಳೆ ಬಿಸಾಕಿದಳು. ಹಾಳೆಯ ತುಂಬ ಗೆರೆ ಎಳೆದು ಜೋಡಿಸಿದ ಗುಂಡು, ಚೌಕ, ಪಕ್ಕದಲ್ಲಿ ಹೆಸರು. ಕೆಲವಕ್ಕೆ ಅರ್ಧ ಕಪ್ಪು ಬಳಿದಿತ್ತು.

"ಇದು ನಮ್ಮ ವಂಶ ಕಣಪ್ಪ. ಈ ಅರ್ಧ ಕಪ್ಪು ಗುಂಡು ಇವ್ಳು. ಅಮ್ಮಸಂದ್ರದ ಗಂಡಿನೋರು ಇದನ್ನ ಹಿಡ್ಕೊಂಡು ಬಂದು, ಹುಡುಗಿಗೆ ಗ್ರಹಣದೋಷ ಐತೆ, ಸಂಬಂಧ ಬ್ಯಾಡ ಅಂದ್ರು. ಕೈಗೆ ಬಂದ ತುತ್ತು ಬಾಯಿಗಿಲ್ದಂಗಾಯ್ತು."

"ಬರೆದೋರು ಯಾರು?"

"ಹೋದ ವರ್ಸ ರಕ್ತ ತಗೊಂಡ ಬೆಂಗಳೂರು ಡಾಕ್ಟ್ರುಗಳು. ಸಕ್ಕರೆ ಕಾಯಿಲೆ ನೋಡ್ತಾರೆ ಅಂದ್ರು, ಕೈ ಕೊಟ್ಟೆ."

ಹೆಡ್ ಕಾನ್‌ಸ್ಟೆಬಲ್ ಮಾಯಣ್ಣ ಪೆನ್ನು ತೆಗೆದ. "ರಕ್ತ ಕಳ್ಳತನ ಅಂತ ಹಾಕ್ಲಾ ಸಾ?"

"ರಕ್ತ ಅಜ್ಜೀನೇ ಕೊಟ್ಟದೆ ಕಣಯ್ಯ. ಕಳುವಾಗಿರೋದು ಗುಟ್ಟು."

ಗುಟ್ಟಿಗೆ ಸೆಕ್ಷನ್ ಹುಡುಕಿ ಹುಡುಕಿ ಶ್ರೀರಂಗಯ್ಯನವರಿಗೆ ಸಾಕುಸಾಕಾಯಿತು. ಕೊನೆಗೆ ಮೋಸ ಎಂದು ಎಫ್‌ಐಆರ್ ದಾಖಲಾಯಿತು.

ಮರುದಿನ ಅಜ್ಜಿ ಮೊಮ್ಮಗಳು ಮತ್ತೆ ಠಾಣೆಯಲ್ಲಿದ್ದಾಗ, ಹನ್ನೆರಡು ಗಂಟೆಗೆ ಸಂಶೋಧನಾ ತಂಡದ ಡಾಕ್ಟರ್ ಸೌಂದರ್ಯ ಫೈಲಿನೊಂದಿಗೆ ಬಂದರು. ಅವರು ನೋಡುತ್ತಿದ್ದದ್ದು ಸಕ್ಕರೆ ಕಾಯಿಲೆಯನ್ನಲ್ಲ, ತಲೆಮಾರಿಂದ ತಲೆಮಾರಿಗೆ ಇಳಿಯುವ ಒಂದು ರಕ್ತದೋಷವನ್ನು. ಅರ್ಧ ಕಪ್ಪಿನವರಿಗೆ ಕಾಯಿಲೆ ಇಲ್ಲ. ಗಂಡ ಹೆಂಡತಿ ಇಬ್ಬರಲ್ಲೂ ದೋಷವಿದ್ದರೆ ಮಾತ್ರ ಮಗುವಿಗೆ ಬರಬಹುದು.

"ಗಂಡಿನವರಿಗೆ ನಾನೇ ವಿವರಿಸಲಾ?" ಎಂದು ಡಾಕ್ಟರು ಕೇಳಿದರು.

"ಈ ಸಲನಾದ್ರೂ ನನ್ನ ಕೇಳಿದ್ರಲ್ಲ" ಎಂದಳು ಅನುಪಮಾ. "ಬ್ಯಾಡ ಬುಡಿ. ಹೇಳೋದಿದ್ರೆ ನಾನೇ ಹೇಳ್ತೀನಿ."

ಡಾಕ್ಟರ ಮುಖ ಸಣ್ಣದಾಯಿತು. "ಗುಟ್ಟಾಗಿಡ್ತೀವಿ ಅಂತ ಒಪ್ಪಿಗೆ ಪತ್ರದಲ್ಲೇ ಇದೆ. ಮೂವತ್ತೇಳು ಜನವೂ ಒಪ್ಪಿ ಹೆಬ್ಬೆಟ್ಟು ಒತ್ತಿದ್ದಾರೆ."

"ಯಾರ ಹೆಬ್ಬೆಟ್ಟು?" ಚಿಕ್ಕಗಂಗಮ್ಮ ಎದ್ದು ನಿಂತಳು. "ಸಾಕ್ಷರತೆ ಕ್ಲಾಸಲ್ಲಿ ಸಹಿ ಕಲ್ತೋಳು ಕಣವ್ವ ನಾನು. ರೇಷನ್ನಿಗೂ ಸಹಿನೇ!"

ಶ್ರೀರಂಗಯ್ಯ ಭೂತಗನ್ನಡಿ ತೆಗೆದರು. ಮೂವತ್ತೇಳು ಗುರುತಿನಲ್ಲೂ ಓರೆಯಾಗಿ ಅದೇ ಗಾಯದ ಗೆರೆ!

"ಇವನ್ನ ಒತ್ತಿಸಿಕೊಂಡು ಬಂದೋರು?"

"ನಮ್ಮ ಸಹಾಯಕ ಬೀರೇಶ್. ಬಿಳಿಗೆರೆಯವರೇ."

ನಾಲ್ಕೂವರೆಗೆ ಜೀಪು ಬಿಳಿಗೆರೆಯಲ್ಲಿತ್ತು. ನಲವತ್ತು ದಾಟಿದ ಬೀರೇಶ ಮನೆ ಮುಂದೆ ಕೊಬ್ಬರಿ ಒಡೆಯುತ್ತಿದ್ದ.

"ಎಡಗೈ ತೋರ್ಸು. ಹೆಬ್ಬೆರಳಿಗೆ ಏನಾಗಿತ್ತು?"

"ಮಚ್ಚು ತಾಗಿತ್ತು ಸಾ."

"ಮೂವತ್ತೇಳು ಜನಕ್ಕೂ ತಾಗಿತ್ತಾ?"

ಬೀರೇಶ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

"ಗಂಡಿನೋರಿಗೆ ಹಾಳೆ ಯಾಕೆ ಕೊಟ್ಟೆ?"

"ಸಂಬಂಧ ತಂದೋನು ನಾನೇ ಅಲ್ವಾ, ನನ್ನ ಹತ್ರ ಜಾತಕ ಕೇಳಿದ್ರು ಸಾ. ಅನುಪಮಂಗೆ ಜಾತಕ ಬರೆಸಿರ್ಲಿಲ್ಲ. ಇದ್ರಲ್ಲಿ ಮೂರು ತಲೆಮಾರು ಐತಲ್ಲ, ಇದೇ ವಾಸಿ ಅಂತ... ಒಳ್ಳೇದಾಗ್ಲಿ ಅಂತಲೇ ಕೊಟ್ಟೆ ಸಾ."

"ಹೆಬ್ಬೆಟ್ಟು?"

ಬೀರೇಶ ತಲೆ ತಗ್ಗಿಸಿದ. "ಹನ್ನೊಂದು ಪುಟ ಇಂಗ್ಲಿಷು. ಎಲ್ರಿಗೂ ತಿಳಿಸಿ ಹೇಳು ಅಂದ್ರು. ನಂಗೇ ತಿಳೀಲಿಲ್ಲ. ತಿಳೀಲಿಲ್ಲ ಅನ್ನೋಕೆ ನಾಚ್ಕೆ ಆಯ್ತು."

ಶ್ರೀರಂಗಯ್ಯನವರಿಗೆ ಪಾಪ ಅನ್ನಿಸಿತು. ಆದರೂ ಐದು ಹತ್ತಕ್ಕೆ ಅವನನ್ನು ದಸ್ತಗಿರಿ ಮಾಡಿದರು. ಮನೆಯಲ್ಲಿದ್ದ ಉಳಿದ ಹಾಳೆಗಳನ್ನೂ ವಶಪಡಿಸಿಕೊಂಡರು.

ಪಂಚನಾಮೆಗೆ ಸಾಕ್ಷಿ ಹಾಕಲು, ಠಾಣೆಯ ಖಾಯಂ ಪಂಚನಾದ ಟೀ ಅಂಗಡಿ ಗಂಗಯ್ಯ ಜೀಪಿನಲ್ಲೇ ಬಂದಿದ್ದ. ಅವನು ಅಭ್ಯಾಸಬಲದಿಂದ ಸಹಿ ಗೀಚಿದ. ಮಾಯಣ್ಣ ಅದೇ ಹಾಳೆಯನ್ನು, ಜೀಪು ಕಂಡು ಅಲ್ಲಿಗೆ ಬಂದಿದ್ದ ಚಿಕ್ಕಗಂಗಮ್ಮನ ಮುಂದೆ ಹಿಡಿದ.

"ಇದ್ರಲ್ಲಿ ಏನೂ ಬರ್ದಿಲ್ವಲ್ಲಪ್ಪ?"

"ಆಮೇಲೆ ಬರ್ಕೋತೀವಿ ಅಜ್ಜಿ."

"ಮತ್ತೆ ಬೀರೇಶನ್ನ ಯಾಕ್ಲಾ ಹಿಡ್ದಿರಿ?"

ಶ್ರೀರಂಗಯ್ಯ ನಾಲಿಗೆ ಕಚ್ಚಿಕೊಂಡರು. ಮಾಯಣ್ಣ ಕೂತು ಹೊಸ ಹಾಳೆಯಲ್ಲಿ ಬರೆದ. ಇನ್ಸ್‌ಪೆಕ್ಟರು ನಿಂತು ಓದಿದರು. ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಅವರು ಪಂಚನಾಮೆಯನ್ನು ಗಟ್ಟಿಯಾಗಿ ಓದಿದ್ದು ಅದೇ ಮೊದಲು. ಅಜ್ಜಿ ಎರಡು ಕಡೆ ತಿದ್ದಿಸಿ, ಐದು ಅಕ್ಷರವನ್ನೂ ಬಿಡಿಸಿ ಬಿಡಿಸಿ ಸಹಿ ಹಾಕಿದಳು.

ಗಂಗಯ್ಯ ಮೆಲ್ಲಗೆ ಕೇಳಿದ: "ಸಾ, ಇಷ್ಟು ವರ್ಸ ನಾನು ಏನೇನಕ್ಕೆ ಸಹಿ ಹಾಕಿವ್ನಿ?"

ಶ್ರೀರಂಗಯ್ಯ ಹೊಸ ಹಾಳೆಯನ್ನೂ ಪೆನ್ನನ್ನೂ ಅವನತ್ತ ಚಾಚಿದರು.

ಮುಂದಿನ ವಾರ ಅನುಪಮಾ ಅಮ್ಮಸಂದ್ರದ ಹುಡುಗನಿಗೆ ತಾನೇ ಎಲ್ಲವನ್ನೂ ಹೇಳಿದಳು. ಅವನೂ ರಕ್ತ ಪರೀಕ್ಷೆ ಮಾಡಿಸಿಕೊಂಡ. ಫಲಿತಾಂಶ ಏನೆಂಬುದು ಅವರಿಬ್ಬರಿಗೆ ಗೊತ್ತು. ಠಾಣೆಗೆ ಬಂದದ್ದು ಲಗ್ನಪತ್ರಿಕೆ ಮಾತ್ರ.