ಗುರುವಾರದ ನಾಜಲ್

ಅವಳು ಆ ಅಂಗಡಿಗೆ ಬಂದದ್ದೇ ಜಗಳಕ್ಕೆ ಸಿದ್ಧಳಾಗಿ. ಹಿಂದಿನ ಎರಡು ಅಂಗಡಿಗಳಲ್ಲಿ "ಮನೆಯವರನ್ನ ಕರ್ಕೊಂಡು ಬನ್ನಿ" ಎಂದು ಹೇಳಿಸಿಕೊಂಡಿದ್ದಳು. ಇಲ್ಲಿ ಕೌಂಟರಿನ ಹಿಂದಿದ್ದವನು ಅವಳ ಮುಂಗೈಯ ಸುಟ್ಟ ಕಲೆಗಳನ್ನು ಒಮ್ಮೆ ನೋಡಿ, "ಎಷ್ಟು ದಪ್ಪದ ತಗಡು ಕತ್ತರಿಸ್ತೀರ?" ಎಂದು ಕೇಳಿದ.

"ನಾಲ್ಕು ಮಿಲಿಮೀಟರ್. ಜಾಸ್ತಿ ಅಂದ್ರೆ ಆರು. ಮನೆ ಹಿಂದಿನ ಶೆಡ್ಡಲ್ಲಿ ಕೆಲಸ. ಪ್ಲಾಸ್ಮಾ ಕಟರ್ ಬೇಕು, ಕಡಿಮೆ ಬೆಲೇದು."

"ಡಬ್ಬದ ಮೇಲೆ ಹನ್ನೆರಡು ಅಂತ ಬರೆದಿರ್ತಾರೆ. ಅರ್ಧ ನಂಬಿ." ಅವನು ಕಣ್ಣಲ್ಲೇ ನಕ್ಕ. "ನಿಮಗೆ ಇದು ಸಾಕು. ಮನೆ ಕರೆಂಟಲ್ಲೇ ಓಡುತ್ತೆ. ತಗಡಿಗೆ ತಾಗಿಸ್ದೇನೇ ಕಿಡಿ ಹತ್ತುತ್ತೆ, ತುಕ್ಕು ಹಿಡಿದಿದ್ರೂ ಪರವಾಗಿಲ್ಲ. ಗಾಳಿಗೆ ಕಂಪ್ರೆಸರ್ ಇದೆಯಾ?"

"ಅಪ್ಪಂದು ಇದೆ. ವೆಲ್ಡರ್ ಆಗಿದ್ರು. ನಿನ್ನ ಕೈ ನಡುಗುತ್ತೆ, ಕಬ್ಬಿಣದ ಸಹವಾಸ ಬೇಡ ಅಂತಿದ್ರು, ಸಾಯೋವರೆಗೂ."

ಅವನು ಅವಳ ಕೈಯನ್ನು ಮತ್ತೊಮ್ಮೆ ನೋಡಿದ. ಈ ಸಲ ಅಂಗಡಿಯವನ ನೋಟವಲ್ಲ. "ನಂಗೇನೋ ನಡುಗೋ ಥರ ಕಾಣ್ತಿಲ್ಲ," ಎಂದ. ಮೂವತ್ತೈದು ದಾಟಿದ ಹೆಂಗಸು ಆ ಒಂದು ಮಾತಿಗೆ ಕಿವಿಯವರೆಗೂ ಕೆಂಪಾದಳು.

ಯಂತ್ರ ಮೊದಲೆರಡು ದಿನ ಬೆಣ್ಣೆ ಕತ್ತರಿಸಿದ ಹಾಗೆ ಕತ್ತರಿಸಿತು. ಆಮೇಲೆ ಗೆರೆ ಸೊಟ್ಟಗಾಗತೊಡಗಿತು, ಅಂಚಿನಲ್ಲಿ ಕರಗಿದ ಕಬ್ಬಿಣ ಗಂಟುಗಂಟಾಗಿ ನಿಂತಿತು. ಕಿಡಿ ಉಗುಳುವ ಟಾರ್ಚಿನ ತುದಿಯ ತಾಮ್ರದ ನಾಜಲ್ ಸುಟ್ಟು ಅದರ ತೂತು ಅಗಲವಾಗಿತ್ತು. ಗುರುವಾರ ಅದನ್ನು ತಂದು ತೋರಿಸಿದಾಗ ಅವನು ಬೆರಳಲ್ಲಿ ತಿರುಗಿಸಿ ನೋಡಿ, "ಕೈ ಪಳಗಬೇಕು ಅಷ್ಟೇ," ಎಂದು ಹೊಸದು ಕೊಟ್ಟ.

ಹೀಗೆ ಪ್ರತಿ ಗುರುವಾರವೂ. ಅವಳು ಬರುವ ಹೊತ್ತಿಗೆ ಸ್ಟೂಲಿನ ಧೂಳು ಒರೆಸಿರುತ್ತಿತ್ತು, ಟೀ ಬಂದಿರುತ್ತಿತ್ತು. "ಏನ್ ಮೇಡಂ, ನಾಜಲ್ ತಿಂತೀರಾ ಹೇಗೆ?" ಎಂದು ಅವನು ಕೆಣಕುವನು. "ಉಪ್ಪು ಸ್ವಲ್ಪ ಕಡಿಮೆ," ಎಂದು ಅವಳು. ನಾಜಲ್ ತರಲು ಹೋಗುವವಳಿಗೆ ಕಾಡಿಗೆ ಬೇರೆ ಕೇಡು ಎಂದು ಕನ್ನಡಿಯ ಮುಂದೆ ತನ್ನನ್ನೇ ಬೈದುಕೊಳ್ಳುತ್ತ, ಕಾಡಿಗೆ ಹಚ್ಚಿಕೊಂಡೇ ಹೋಗುತ್ತಿದ್ದಳು.

ಅಷ್ಟರಲ್ಲಿ ಒಂದು ಶಾಲೆಯ ಗೇಟಿನ ಕೆಲಸ ಸಿಕ್ಕಿತು, ಅವಳ ಮೊದಲ ದೊಡ್ಡ ಕೆಲಸ. ತಗಡಿನಲ್ಲಿ ಹಕ್ಕಿಗಳ ಸಾಲು ಕತ್ತರಿಸಬೇಕಿತ್ತು. ಮೂರು ತಗಡು ಹಾಳಾದವು, ಒಂದು ಹಕ್ಕಿಗೂ ರೆಕ್ಕೆ ಸರಿಯಾಗಿ ಬರಲಿಲ್ಲ. ತಾನೇ ಶಾಲೆಗೆ ಹೋಗಿ ಆಗುವುದಿಲ್ಲವೆಂದು ಹೇಳಿ ಬಂದಳು. ಅಂದು ಸ್ಟೂಲಿನ ಮೇಲೆ ಕೂತು, "ಅಪ್ಪ ಹೇಳಿದ್ದೇ ಸರಿ. ನನ್ನ ಕೈಯೇ ಸರಿ ಇಲ್ಲ," ಎಂದು ಅತ್ತುಬಿಟ್ಟಳು. ಅವನು ಏನೋ ಹೇಳಲು ಬಾಯಿ ತೆರೆದವನು, "ಟೀ ಆರ್ತಾ ಇದೆ," ಎಂದ.

ಮುಂದಿನ ವಾರ ಅವನು ಸಾಮಾನು ತರಲು ಹೋಗಿದ್ದ. ಕೌಂಟರಿನಲ್ಲಿ ಅವನ ಅಣ್ಣ. ಸುಟ್ಟ ನಾಜಲನ್ನು ಬೆಳಕಿಗೆ ಹಿಡಿದು, "ಇದು ನೀರಿನ ಕೆಲಸ ಕಣಮ್ಮ," ಎಂದ. "ಕಂಪ್ರೆಸರ್ ಗಾಳೀಲಿ ತೇವ ಇರುತ್ತೆ. ನಡುವೆ ಫಿಲ್ಟರ್ ಹಾಕಿಲ್ವಾ? ಮಷಿನ್ ಕೊಡುವಾಗ್ಲೇ ನನ್ನ ತಮ್ಮ ಎಲ್ರಿಗೂ ಹೇಳ್ತಾನಲ್ಲ."

"ಎಲ್ರಿಗೂ?"

"ಅದು ಅವನ ಬಾಯಿಪಾಠ."

ಅಂದೇ ಮಧ್ಯಾಹ್ನ ಫಿಲ್ಟರ್ ಹಾಕಿ ಕತ್ತರಿಸಿದಳು. ಗೆರೆ ದಾರ ಹಿಡಿದ ಹಾಗೆ ನೇರವಾಗಿ ಬಂತು. ಆಗ ಅವಳಿಗೆ ಬಂದದ್ದು ಸಂತೋಷವಲ್ಲ, ಸಿಟ್ಟು.

ಮರುದಿನ ಬೆಳಿಗ್ಗೆ ಅವನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಅಣ್ಣ ಎಲ್ಲ ಹೇಳಿದ್ದ.

"ಮೊದಲ ದಿನ ನಿಜವಾಗ್ಲೂ ಮರೆತೆ. ನಿಮ್ಮನ್ನ ನೋಡ್ತಾ ಮರೆತೆ. ನೀವು ವಾಪಸ್ ಬಂದ್ರಿ. ಫಿಲ್ಟರ್ ಕೊಟ್ಬಿಟ್ರೆ ಆಮೇಲೆ ಯಾಕೆ ಬರ್ತೀರಿ ಅನ್ನಿಸ್ತು." ಅವನು ತಲೆ ತಗ್ಗಿಸಿದ. "ನೀವಂದ್ರೆ ನಂಗೆ ತುಂಬಾ ಇಷ್ಟ."

ಮೂರು ತಿಂಗಳಿಂದ ಅವಳು ಕಾದಿದ್ದ ಮಾತು ಅದೇ. ಕೇಳಿದಾಗ ಬಾಯೆಲ್ಲ ಕಹಿಯಾಯಿತು.

ಶೆಲ್ಫಿನ ಮೇಲಿದ್ದ ಡಬ್ಬಿ ತೆಗೆದು ಮೇಜಿನ ಮೇಲೆ ಸುರಿದಳು. ಕವರ್ ಕೂಡ ಬಿಚ್ಚದ ಐದು ನಾಜಲ್. "ಸುಡದೇ ಇದ್ದ ವಾರಾನೂ ಸುಟ್ಟಿದೆ ಅಂತ ಬಂದಿದೀನಿ. ನಿಮ್ಮನ್ನ ನೋಡೋಕೆ."

ಅವನ ಮುಖ ಅರಳಿತು. ಅದನ್ನು ಕಂಡು ಅವಳ ಸಂಕಟ ಇನ್ನಷ್ಟು ಹೆಚ್ಚಿತು.

"ನನ್ನ ಸುಳ್ಳಿಂದ ನಿಮ್ಮದೇನೂ ಹೋಗ್ಲಿಲ್ಲ," ಎಂದಳು. "ಆ ಗೇಟ್ ಬಿಟ್ಟು ಬಂದ ದಿನ ನಿಮ್ಮೆದುರೇ ಕೂತು ಅಳ್ತಿದ್ದೆ. ಕಾರಣ ನಿಮ್ಮ ಬಾಯಲ್ಲೇ ಇತ್ತು."

"ಕ್ಷಮಿಸೋಕೆ ಆಗಲ್ವಾ?"

"ಕ್ಷಮಿಸ್ತೀನೇನೋ. ಆದ್ರೆ ಇನ್ಮೇಲೆ ಏನೇ ಕೆಟ್ರೂ, ಇವರಿಗೆ ಗೊತ್ತಿದೆಯೇನೋ ಅಂತ ನಿಮ್ಮ ಮುಖ ನೋಡ್ತೀನಿ. ಹಾಗೆ ಬಾಳೋಕಾಗಲ್ಲ. ಹೋಗಿ."

ಅವನು ಹೋದ. ಕರೆಯಬೇಕೆನಿಸಿದರೂ ಅವಳು ಕರೆಯಲಿಲ್ಲ.

ಈಗ ಅವಳು ಊರಿನ ಇನ್ನೊಂದು ತುದಿಯ ಅಂಗಡಿಗೆ ಹೋಗುತ್ತಾಳೆ. ಅಲ್ಲಿಯ ಮುದುಕ ತಲೆ ಎತ್ತಿಯೂ ನೋಡುವುದಿಲ್ಲ. ತೇವವಿಲ್ಲದ ಗಾಳಿಯಲ್ಲಿ ಒಂದು ನಾಜಲ್ ಎರಡು ತಿಂಗಳು ಬಾಳುತ್ತದೆ. ಅಷ್ಟು ದಿನ ಅವಳಿಗೆ ಎಲ್ಲಿಗೂ ಹೋಗಲು ನೆಪವಿರುವುದಿಲ್ಲ.