ಚಪ್ಪಲಿಯೊಳಗಿನ ಕಿತ್ತಳೆ

"ಯಾರ ಕೆಲಸ ಇದು?"

ಕಸ್ತೂರಿಯ ದನಿಗೆ ಕಾಲೇಜಿನ ವರಾಂಡವೇ ಗಪ್ಪಾಯಿತು.

ಜರ್ಮನ್ ಕ್ಲಾಸು ನಡೆಯುವ ಕೋಣೆಯಲ್ಲಿ ಟೇಪ್‌ರೆಕಾರ್ಡರುಗಳಿಗೆ ಧೂಳು ತಾಗಬಾರದೆಂದು ಎಲ್ಲರೂ ಚಪ್ಪಲಿಯನ್ನು ಹೊರಗೇ ಬಿಡುತ್ತಿದ್ದರು. ಆ ಸಾಲಿನಲ್ಲಿ ಅವಳ ಚಪ್ಪಲಿಯ ಮೇಲೆ ಮಾತ್ರ ಒಂದು ಕಿತ್ತಳೆ ಹಣ್ಣು ಕೂತಿತ್ತು. ತಿನ್ನುವ ಹಣ್ಣು... ಕಾಲಲ್ಲಿ ಮೆಟ್ಟುವ ಚಪ್ಪಲಿಯಲ್ಲಿ!

"ನಂದ ಕೆಲಸ..." ಎನ್ನುತ್ತ ಮುಂದೆ ಬಂದವನು ಚಂದ್ರಾಮ. ಮುಖದಲ್ಲಿ ನಗು ಬೇರೆ!

ಇನ್ಯಾರಾದರೂ ಆಗಿದ್ದರೆ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಇವನು, ಈ ಮುಂಬಯಿ ಕಾಲೇಜಿನಲ್ಲಿ ಅವಳೊಂದಿಗೆ ಕನ್ನಡ ಆಡುವ ಒಬ್ಬನೇ ಒಬ್ಬ... ವಿಜಾಪುರ ಕಡೆಯ ಗೌಡರ ಮನೆಯ ಹುಡುಗ.

'ಇವನಿಗೆ ಗೊತ್ತಾಗಿಬಿಟ್ಟಿದೆ! ನಮ್ಮಪ್ಪ ಚಪ್ಪಲಿ ಹೊಲಿಯುವವನು ಅಂತ ತಿಳಿದೇ ಹೀಗೆ ಆಡಿಕೊಳ್ಳುತ್ತಿದ್ದಾನೆ...'

ಅಪ್ಪ ನಿಂಗಣ್ಣ ಪರೇಲ್ ಸ್ಟೇಷನ್ನಿನ ಸೇತುವೆಯ ಕೆಳಗೆ ಚಪ್ಪಲಿ ಹೊಲಿಯುತ್ತಾನೆಂದು ಅವಳು ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆಲ್ಲ ಮಿಲ್ಲಿನಲ್ಲಿದ್ದಾನೆ ಎನ್ನುತ್ತಿದ್ದಳು. ಅವಳ ಮುಖ್ಯ ವಿಷಯ ರಸಾಯನಶಾಸ್ತ್ರ. ಬಟ್ಟೆಯ ಬಣ್ಣಗಳ ಕುರಿತ ದೊಡ್ಡ ಪುಸ್ತಕಗಳು ಜರ್ಮನಿನಲ್ಲಿವೆ ಎಂದು ಆ ಭಾಷೆಯನ್ನು ಉಪವಿಷಯವಾಗಿ ತೆಗೆದುಕೊಂಡಿದ್ದಳು. ತೆಗೆದುಕೊಂಡದ್ದು ಬಣ್ಣದ ಆಸೆಗೆ, ಸರಿ... ಈಗೀಗ ಆ ಕ್ಲಾಸಿಗೆ ಕಾಯುತ್ತಿದ್ದದ್ದು ಯಾತಕ್ಕೆಂದು ಮಾತ್ರ ನೀವು ಕೇಳಬೇಡಿ.

"ಕಸ್ತೂರಿ, ಒಂದ್ ಮಿನಿಟ್ ಕೇಳ..."

"ಏನೂ ಹೇಳಬ್ಯಾಡ! ನೀ ಇಂಥಾಂವ ಅಂತ ನಾ ತಿಳದಿರಲಿಲ್ಲ."

ಹಣ್ಣನ್ನು ಅವನ ಕೈಗೆ ತುರುಕಿ ನಡೆದೇಬಿಟ್ಟಳು. ಲೋಕಲ್ ರೈಲಿನಲ್ಲಿ ತಲೆ ತಗ್ಗಿಸಿ ಕೂತಾಗ ಕಣ್ಣಿಗೆ ಬಿದ್ದದ್ದು ಅದೇ ಚಪ್ಪಲಿ. ಬೆಳಿಗ್ಗೆ ಮೆತ್ತಿದ್ದ ಧೂಳು ಒಂಚೂರೂ ಇರಲಿಲ್ಲ. ಯಾಕೆ ಎಂದು ಯೋಚಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಮರುದಿನ ಪಾರ್ಸಿ ಅಧ್ಯಾಪಕಿ ಮಿಸ್ ಪೋಚಾ ಅವರ ಮುಂದೆ ಹೋಗಿ ನಿಂತಳು. "ಜರ್ಮನ್ ಬಿಡ್ತೀನಿ, ಮ್ಯಾಡಮ್."

ಚಪ್ಪಲಿಯಲ್ಲಿ ಹಣ್ಣಿಟ್ಟದ್ದೇ ಕಾರಣವೆಂದು ತಿಳಿದ ಮಿಸ್ ಪೋಚಾ ಹಣೆ ಚಚ್ಚಿಕೊಂಡರು. "ಅರೇ ಡಿಕ್ರಾ, ಮಗೂ! ನಿನ್ನೆಯದಕ್ಕೆ ಹಿಂದಿನ ಕ್ಲಾಸಿಗೆ ನೀನು ಬರಲೇ ಇಲ್ಲವಲ್ಲ!"

ನಿಜ. ಆ ದಿನ ಅಪ್ಪನಿಗೆ ಜ್ವರ. ಅವನ ಬದಲು ಸೇತುವೆಯ ಕೆಳಗೆ ಕೂತವಳು ಅವಳೇ.

"ಡಿಸೆಂಬರಿನಲ್ಲಿ ಜರ್ಮನಿಯ ಮಕ್ಕಳು ಬೂಟು ಒರೆಸಿ ಬಾಗಿಲ ಹೊರಗೆ ಇಡ್ತಾರೆ. ರಾತ್ರಿ ಸಂತ ನಿಕೋಲಸ್ ಬಂದು ಅದರೊಳಗೆ ಹಣ್ಣು, ಸಿಹಿ ಇಟ್ಟು ಹೋಗ್ತಾನೆ ಅಂತ ನಂಬಿಕೆ. ಇದನ್ನು ಹೇಳಿದಾಗ ಕ್ಲಾಸೆಲ್ಲ ನಕ್ಕಿತು. ಚಂದ್ರಾಮ ಮಾತ್ರ ಒಂದು ಪ್ರಶ್ನೆ ಕೇಳಿದ. ಒಬ್ಬರ ಬೂಟನ್ನು ಇನ್ನೊಬ್ಬರು ಒರೆಸಬಹುದಾ ಅಂತ!"

ಧೂಳಿಲ್ಲದ ತನ್ನ ಚಪ್ಪಲಿ ಕಸ್ತೂರಿಗೆ ಈಗ ನೆನಪಾಯಿತು. 'ಗೌಡರ ಮನೆಯ ಹುಡುಗ... ನನ್ನ ಚಪ್ಪಲಿಯನ್ನು ತನ್ನ ಕೈಯಾರೆ ಒರೆಸಿದನೇ!' ನಾಚಿಕೆ, ಸಂತೋಷ, ತನ್ನ ಮೇಲೆಯೇ ಸಿಟ್ಟು, ಎಲ್ಲವೂ ಒಟ್ಟಿಗೇ ಉಕ್ಕಿ ಬಂದು ಅವಳು ಅತ್ತುಬಿಟ್ಟಳು.

ಮುಂದಿನ ಜರ್ಮನ್ ಕ್ಲಾಸು ಬಿಟ್ಟಾಗ ಹುಡುಗ ಹುಡುಗಿಯರೆಲ್ಲ ಬಾಗಿಲಲ್ಲೇ ನಿಂತರು. ಮೊದಲೇ ಹೊರಬಂದಿದ್ದ ಕಸ್ತೂರಿ ಎಲ್ಲರೆದುರು ವರಾಂಡದ ನೆಲದಲ್ಲಿ ಕೂತು, ಅಪ್ಪನ ದಪ್ಪ ಸೂಜಿಯಿಂದ ಚಂದ್ರಾಮನ ಕಿತ್ತುಹೋದ ಚಪ್ಪಲಿಯನ್ನು ಹೊಲಿಯುತ್ತಿದ್ದಳು!

ಚಂದ್ರಾಮ ಬಂದು ಅವಳೆದುರು ಕುಕ್ಕರಗಾಲಲ್ಲಿ ಕೂತ.

"ನಮ್ಮಪ್ಪ ಮಿಲ್ಲಿನ್ಯಾಗ ಇಲ್ಲ," ಎಂದಳು ತಲೆ ಎತ್ತದೆ. ಆದರೆ ಎಲ್ಲರಿಗೂ ಕೇಳುವಂತೆ. "ಚಪ್ಪಲಿ ಹೊಲೀತಾನ."

"ಗೊತ್ತದ."

"ಗೊತ್ತಿತ್ತಾ?"

"ಈ ಚಪ್ಪಲಿಗೆ ಹೋದ ವರ್ಷ ಹೊಲಿಗಿ ಹಾಕಿದವ್ರು ಅವರ. ಬಂದ ಗಿರಾಕಿಗೆಲ್ಲ ಹೇಳತಾರಲ್ಲ... ನನ್ನ ಮಗಳು ಕಸ್ತೂರಿ ಜರ್ಮನ್ ಕಲೀಲಿಕ್ಕತ್ಯಾಳ ಅಂತ!"

ಸೂಜಿ ಹಿಡಿದ ಕೈ ನಿಂತುಹೋಯಿತು. ಅವಳು ಇಡೀ ಕಾಲೇಜಿಗೆ ಅಪ್ಪನನ್ನು ಮುಚ್ಚಿಟ್ಟಿದ್ದಳು. ಅಪ್ಪ ಇಡೀ ಪರೇಲಿಗೆ ಮಗಳ ಹೆಸರು ಹೇಳುತ್ತ ಕೂತಿದ್ದ. ಕಣ್ಣೀರು ತಡೆಯಲು ಅವಳಿಗೆ ಆಗಲಿಲ್ಲ.

"ಮತ್ತ ಯಾಕ ಒಂದಿನಾನೂ ಅನಲಿಲ್ಲ ನೀ?"

"ನೀನಾಗೇ ಹೇಳ್ತಿ ಅಂತ ಕಾದೆ. ನೀ ಆ ದಿನ ಕ್ಲಾಸಿಗೆ ಬಂದಿಲ್ಲ ಅನ್ನೋದ ಮರತೇಬಿಟ್ಟೆ, ತಪ್ಪು ನಂದ..." ಅವನ ದನಿ ಇಳಿಯಿತು. "ನಿನ್ನ ಮ್ಯಾಲ ಭಾಳ ಜೀವ ಅದ, ಕಸ್ತೂರಿ. ಹೆಂಗ ಹೇಳೂದು ತಿಳೀಲಿಲ್ಲ."

ಅವಳು ಹಲ್ಲಿನಿಂದ ದಾರ ಕಡಿದಳು. ಸೆರಗಿನ ತುದಿಯಿಂದ ಚಪ್ಪಲಿ ಒರೆಸಿ, ಚೀಲದಿಂದ ಕಿತ್ತಳೆಯೊಂದನ್ನು ತೆಗೆದು ಅದರ ಮೇಲಿಟ್ಟು, ಅವನತ್ತ ಸರಿಸಿದಳು.

"ನನಗೂ," ಎಂದಳು.

ಚಂದ್ರಾಮ ಹಣ್ಣನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. "ನಡಿ, ನಿಮ್ಮಪ್ಪನ ಹಂತ್ಯಾಕ ಹೋಗೂಣು."

"ಬಾ. ಆದರ ಈ ಹೊಲಿಗಿ ತೋರಸಬ್ಯಾಡ, ಬೈತಾನ. ಸೊಟ್ಟ ಆಗ್ಯಾದ."

"ಆಗಲಿ ಬಿಡು," ಎಂದು ಅವನು ಚಪ್ಪಲಿ ಮೆಟ್ಟಿದ. "ಇದನ್ನ ನಾ ಇನ್ನ ಯಾರ ಕಡೆನೂ ಬಿಚ್ಚಿ ಹೊಲಸೂದಿಲ್ಲ."