ಗೀತಾ ಮ್ಯೂಟ್ ಮಾಡಿದ ದನಿ

ಗಂಗಾವತಿಯ ಹನುಮಂತಮ್ಮನ ಖಾನಾವಳಿಗೆ ಹಾಲೇಶ ಮೊದಲ ಸಲ ಬಂದ ದಿನ, ಎರಡು ರೊಟ್ಟಿ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಬೆಂಚಿನಿಂದ ಅವನದೇ ಹೆಸರು ಕೇಳಿಸಿತು.

“ಏನ ಅನ್ರಿ, ಫುಟ್‌ಬಾಲ್ ಹೇಳೋದಂದ್ರ ನಮ್ಮ ಕೇಬಲಿನ ಹಾಲೇಶ ಹೇಳಬೇಕು,” ಎನ್ನುತ್ತಿದ್ದ ಅಕ್ಕಿ ಗಿರಣಿಯ ಹಮಾಲ ಕಾಳಪ್ಪ. “ದೊಡ್ಡ ಚಾನೆಲ್ಲಿನ ಇಂಗ್ಲಿಷಿನವರು ಏನಂತಾರೋ ನನಗ ತಿಳಿಯಂಗಿಲ್ಲ. ದನಿ ಏರಿತಂದ್ರ ಚೆಂಡು ಗೋಲಿನ ಹತ್ರ ಬಂತು ಅಂತ ತಿಳ್ಕೊಂಡು ತಲಿ ಎತ್ತತೀನಿ, ಅಷ್ಟ.”

“ಬೆಂಗಳೂರಿನ ಕನ್ನಡದವರು ಅದಾರಲ್ಲ,” ಎಂದ ಸೈಕಲ್ ಅಂಗಡಿಯ ಉಮರಸಾಬ. “ಚೆಂಡು ಗೋಲಿನ್ಯಾಗ ಬಿದ್ದು ಹೊಳ್ಳಿ ನಡುವಿಗೆ ಬಂದಿರತೈತಿ, ಅವರು ಇನ್ನೂ ಆಟಗಾರನ ಅಜ್ಜನ ಊರು ಹೇಳ್ಕೋತ ಕುಂತಿರ್ತಾರ.”

“ಹಾಲೇಶ ಹಂಗಲ್ಲ. ನಗಸ್ತಾನ.”

“ನಿಮ್ಮನ್ನ ನಗಸ್ತಾನ ಕಾಕಾ,” ಎಂದಳು ರೊಟ್ಟಿ ಬುಟ್ಟಿ ಹಿಡಿದು ಬಂದ ಹನುಮಂತಮ್ಮನ ಮಗಳು ಗೀತಾ. “ಅಂವ ಯಾರ ಮ್ಯಾಲೆ ನಗಸ್ತಾನಲ್ಲ, ಅವರ ಮನಿಗೆ ಒಮ್ಮೆ ಹೋಗಿ ಬರ್ರಿ.” ನಂತರ ಹಾಲೇಶನ ಕಡೆ ತಿರುಗಿದಳು. “ನಿಮಗ ಏನ್ ಕೊಡ್ಲಿರಿ?”

ಬಾಯಿ ತೆರೆಯದೆ ಹಾಲೇಶ ಎರಡು ಬೆರಳು ತೋರಿಸಿದ.

ಆ ಊರಿಗೆ ಅವನ ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಕುಕನೂರಿನವನಾದ ಅವನು ಮೂರು ವರ್ಷದಿಂದ ಭಾನುವಾರ ಮಾತ್ರ ಬಂದು, ಕ್ರೀಡಾಂಗಣದ ಗ್ಯಾಲರಿಯ ಮೇಲಿನ ತಗಡಿನ ಕೋಣೆಯಲ್ಲಿ ಕೂತು, ಊರಿನ ಕೇಬಲ್ ಟಿವಿಗೆ ಲೀಗ್ ಪಂದ್ಯಗಳ ಕಾಮೆಂಟರಿ ಹೇಳಿ ಬಸ್ ಹತ್ತುತ್ತಿದ್ದ. ಕ್ಯಾಮೆರಾ ಅವನ ಕಡೆ ತಿರುಗಿದ್ದೇ ಇಲ್ಲ. ಈ ವರ್ಷ ಮಾತ್ರ ಅವನ ನೌಕರಿ ಇಲ್ಲಿನ ಮಣ್ಣು ಪರೀಕ್ಷೆಯ ಲ್ಯಾಬಿಗೆ ವರ್ಗವಾಗಿತ್ತು.

ಮರುದಿನವೂ ಅವನು ಬೆರಳನ್ನೇ ತೋರಿಸಿದಾಗ, ಒಲೆಯ ಮುಂದಿದ್ದ ಹನುಮಂತಮ್ಮ ಏನೋ ಕೇಳಿದಳು. ಗೀತಾ ದನಿ ತಗ್ಗಿಸಿ ಹೇಳಿದಳು: “ಯವ್ವಾ, ಅವರಿಗೆ ಮಾತು ಬರಂಗಿಲ್ಲ. ಕೇಳಿ ನೋಯಿಸಬ್ಯಾಡ.”

ಹಾಲೇಶನಿಗೆ ಕೇಳಿಸಿತು. ಅಲ್ಲವೆನ್ನಲು ಒಂದು ಮಾತು ಸಾಕಿತ್ತು. ಆದರೆ ಆ ಒಂದು ಮಾತೇ ಅವನು ಯಾರೆಂದು ಹೇಳಿಬಿಡುತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡ. ಹಾಗೆ ಎರಡು ತಿಂಗಳು ಕಳೆದವು.

ಅವನ ಬೂಟಿಗೆ ಅಂಟಿದ ಕೆಂಪು ಮಣ್ಣು ನೋಡಿ ಗೀತಾ ಅವನಿಗೆ ‘ಮಣ್ಣಿನ ಸಾಹೇಬರು’ ಎಂದು ಹೆಸರಿಟ್ಟಳು. ಅವನ ಹುಬ್ಬು ಕೂಡಿದರೆ ಪಲ್ಯ ಸೇರಿಲ್ಲವೆಂದು ತಿಳಿಯುತ್ತಿದ್ದಳು. ಕೇಳುವ ಮೊದಲೇ ಅವನಿಗಿಷ್ಟವಾದ ಪುಂಡಿಪಲ್ಯ ಬರುತ್ತಿತ್ತು.

“ಮಾತು ಬರೋರ ಜೋಡಿ ಜಗಳಾಡಿ ಸಾಕಾಗೈತಿ,” ಎನ್ನುತ್ತಿದ್ದಳು. “ನೀವು ಭಾಳ ಛಲೋ. ನಾನ ಗೆಲ್ಲತೀನಿ.”

ಒಂದು ದಿನ ಕೇಳಿದಳು, “ಐತವಾರ ಯಾಕ ಬರಂಗಿಲ್ರಿ? ಊರಾಗ ಯಾರರ ಕಾಯ್ತಾರೇನು?”

ಕೇಳಿದ್ದು ಅವನನ್ನು, ಅವಳ ಕಣ್ಣಿದ್ದದ್ದು ಬುಟ್ಟಿಯೊಳಗಿನ ರೊಟ್ಟಿಯ ಮೇಲೆ. ಹಾಲೇಶ ಇಲ್ಲವೆಂದು ತಲೆಯಾಡಿಸಿದ. ಅವಳು ಎತ್ತಿದ ರೊಟ್ಟಿಯನ್ನು ಮತ್ತೆ ಬುಟ್ಟಿಗೇ ಇಟ್ಟಳು, ಇನ್ನೊಂದನ್ನು ಎತ್ತಿದಳು, ಅದನ್ನೂ ಇಟ್ಟಳು. ಆಮೇಲೆ ಎರಡನ್ನೂ ಅವನ ತಟ್ಟೆಗೆ ಹಾಕಿ ಹೋಗಿಬಿಟ್ಟಳು.

ಒಂದು ಮಧ್ಯಾಹ್ನ ಬೆಂಚುಗಳೆಲ್ಲ ಖಾಲಿಯಾಗಿದ್ದವು. ಯಾವ ಖಾನಾವಳಿಯಲ್ಲಾದರೂ ರೊಟ್ಟಿಯ ಜೊತೆ ಬೆಣ್ಣೆ ಬರುತ್ತದೆ, ಇಲ್ಲಿ ಎಂದೂ ಬಂದಿರಲಿಲ್ಲ. ಹಾಲೇಶ ರೊಟ್ಟಿಯ ಮೇಲೆ ಬೆರಳಿನಿಂದ ಸವರಿ ತೋರಿಸಿ, ಯಾಕಿಲ್ಲ ಎಂಬಂತೆ ಕೈ ತಿರುಗಿಸಿದ.

ಗೀತಾಳ ಮುಖದ ನಗು ಇಳಿಯಿತು. ಎದುರಿನ ಬೆಂಚಿನ ಮೇಲೆ ಕೂತಳು.

“ಹೋದ ವರ್ಷದ ಫೈನಲ್ಲಿಗೆ ನಮ್ಮಣ್ಣ ಮಲ್ಲೇಶ ಗೋಲ್‌ಕೀಪರ್ ಇದ್ದ. ಕಡೀ ನಿಮಿಷಕ್ಕ ಚೆಂಡು ಕೈಯಾಗಿಂದ ಜಾರಿತು. ಟಿವ್ಯಾಗ ಆ ಹಾಲೇಶ ಅಂದ, ‘ಅವ್ವನ ಖಾನಾವಳಿ ಬೆಣ್ಣಿ ಇನ್ನೂ ಕೈಯಾಗ ಐತಿ ನೋಡ್ರಿ’ ಅಂತ. ಊರೆಲ್ಲಾ ನಕ್ಕಿತು. ಅವತ್ತಿಂದ ಅಣ್ಣ ಬೆಣ್ಣಿ ಮಲ್ಲೇಶ ಆದ. ಇಲ್ಲಿ ಉಣ್ಣಾಕ ಬಂದೋರು ಸೈತ ‘ಮಲ್ಲೇಶನ ಕೈಯಾಗಿನ ಬೆಣ್ಣಿ ತರ್ರಿ’ ಅಂದ್ರು. ಒಂದಿನ ಗ್ಲೌಸ್ ಅಟ್ಟದ ಮ್ಯಾಲೆ ಒಗದು ಹೊಸಪೇಟಿಗೆ ಕೆಲಸಕ್ಕ ಹೋದ. ಹಬ್ಬಕ್ಕೂ ಬಂದಿಲ್ಲ. ಅವ್ವ ಬೆಣ್ಣಿ ಇಡೋದು ಬಿಟ್ಟಳು.”

ಹಾಲೇಶ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ.

“ಮ್ಯಾಚ್ ದಿನ ಗಿರಾಕಿ ಸಲುವಾಗಿ ಟಿವಿ ಹಚ್ಚತೀನಿ,” ಎಂದಳು. “ದನಿ ಮಾತ್ರ ಮ್ಯೂಟ್ ಮಾಡ್ತೀನಿ. ಆ ದನಿ ಈ ಮನಿ ಹೊಸ್ತಿಲು ದಾಟಬಾರ್ದು.” ಆಮೇಲೆ ಅಂದಳು, “ಯಾರ ಮುಂದೂ ಹೇಳಿದ್ದಿಲ್ಲ. ನಿಮ್ಮ ಮುಂದ ಹೇಳಿದ ಮ್ಯಾಲೆ ಹಗುರಾತು ನೋಡ್ರಿ.”

ರೂಮಿಗೆ ಬಂದ ಹಾಲೇಶ ಹಳೆಯ ನೋಟ್‌ಬುಕ್ ತೆಗೆದ. ಪ್ರತಿ ಪಂದ್ಯಕ್ಕೂ ಮೊದಲು ಆಟಗಾರರ ವಿವರ ಬರೆದಿಟ್ಟುಕೊಳ್ಳುವುದು ಅವನ ಪದ್ಧತಿ. ಹೋದ ವರ್ಷದ ಪುಟದಲ್ಲಿ ಮಲ್ಲೇಶನ ಹೆಸರಿನ ಮುಂದೆ ‘ತಾಯಿಯ ಖಾನಾವಳಿ ಇದೆ’ ಎಂದಿತ್ತು. ಅದರ ಕೆಳಗೆ, ಅವನದೇ ಅಕ್ಷರದಲ್ಲಿ, ಬೆಣ್ಣೆಯ ಮಾತು. ಅದು ಆಟದ ಬಿಸಿಯಲ್ಲಿ ಜಾರಿದ ಮಾತಾಗಿರಲಿಲ್ಲ. ಶನಿವಾರವೇ ಬರೆದು, ಯಾವಾಗ ಚೆಂಡು ಜಾರೀತೆಂದು ಕಾದಿದ್ದ.

ಬರುವ ಭಾನುವಾರ ಈ ವರ್ಷದ ಫೈನಲ್. ಟಿವಿಯಲ್ಲಿ ಕ್ಷಮೆ ಕೇಳಬಹುದಿತ್ತು. ಊರಿಗೆಲ್ಲ ಕೇಳಿಸುತ್ತಿತ್ತು, ಕೇಳಿಸಬೇಕಾದ ಒಂದು ಮನೆಯನ್ನು ಬಿಟ್ಟು. ಹೊಸ್ತಿಲು ದಾಟಿ ಹೇಳುವುದೊಂದೇ ಉಳಿದಿತ್ತು. ಹೇಳಿದ ಮೇಲೆ ಆ ಬೆಂಚು, ಆ ಪುಂಡಿಪಲ್ಯ, ಆ ಕಣ್ಣು ಯಾವುದೂ ತನಗಿರುವುದಿಲ್ಲ ಎಂದೂ ಅವನಿಗೆ ಗೊತ್ತಿತ್ತು.

ಗುರುವಾರ ಮಧ್ಯಾಹ್ನ ಗೀತಾ ಬುಟ್ಟಿ ಹಿಡಿದು ಬಂದಾಗ ಹಾಲೇಶ ಎದ್ದು ನಿಂತ.

“ಗೀತಾ ಅವರ, ನಾನು ಹಾಲೇಶ ಅದೀನ್ರಿ.”

ಪಕ್ಕದ ಬೆಂಚಿನಲ್ಲಿ ಕಾಳಪ್ಪನ ಕೈ ಬಾಯಿಯ ಹತ್ತಿರವೇ ನಿಂತಿತು. ಮೂರು ವರ್ಷ ಕೇಳಿದ ದನಿ, ಅನುಮಾನಕ್ಕೆ ಜಾಗವೇ ಇರಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತುಹೋಯಿತು.

“ಆ ಮಾತು ನಾನ ಅಂದಿದ್ದು. ಮೊದಲ ಬರೆದಿಟ್ಟುಕೊಂಡು ಅಂದಿದ್ದು. ತಪ್ಪಾತು.”

ಗೀತಾ ಬುಟ್ಟಿಯನ್ನು ನಿಧಾನವಾಗಿ ಕೆಳಗಿಟ್ಟಳು. “ಎರಡು ತಿಂಗಳು ನನ್ನ ಮಾತೆಲ್ಲಾ ಕೇಳ್ಕೋತ ಕುಂತ್ರಿ. ನಾನು ಪಾಪ ಅಂದೆ. ನಿಮಗಂತ ಪಲ್ಯ ಮುಚ್ಚಿ ಇಟ್ಟೆ.”

“ಮೊದಲ ದಿನ ಹೆದರಿ ಸುಮ್ಮನಾದೆ. ಆಮ್ಯಾಲೆ, ನಾ ಮಾತಾಡಿದ್ರ ನೀವು ನನ್ನ ಜೋಡಿ ಮಾತಾಡೋದು ಬಿಡ್ತೀರಂತ ಸುಮ್ಮನಾದೆ.”

ಗೀತಾ ಫೋನ್ ತೆಗೆದು, ನಂಬರ್ ಒತ್ತಿ, ಸ್ಪೀಕರ್ ಹಾಕಿ ಬೆಂಚಿನ ಮೇಲಿಟ್ಟಳು. “ನನಗ ಹೇಳಿ ಏನ್ ಉಪಯೋಗ? ಅಣ್ಣಗ ಹೇಳ್ರಿ.”

ಹಾಲೇಶ ಹೇಳಿದ. ಆ ಕಡೆ ಯಂತ್ರಗಳ ಸದ್ದು ಕೇಳಿಸುತ್ತಿತ್ತು.

“ಚೆಂಡು ಬಿಟ್ಟಿದ್ದು ನಾನ,” ಎಂದ ಮಲ್ಲೇಶ. “ಬಿಟ್ಟ ಅಂತ ಅನ್ರಿ, ಬೈರಿ, ನಡೀತೈತಿ. ಅವ್ವನ್ನ ಯಾಕ ಅಂಗಳಕ್ಕ ತಂದ್ರಿ?”

“ತಪ್ಪಾತಪ್ಪ.”

“ಟಿವ್ಯಾಗ ಅಂದಿದ್ದಕ್ಕ ಟಿವ್ಯಾಗನ ತಪ್ಪಾತು ಅನ್ರಿ.” ಫೋನ್ ಕಟ್ಟಾಯಿತು.

“ಕೇಳಿದ್ರಲ್ಲ,” ಎಂದಳು ಗೀತಾ. “ಇನ್ನ ನಡೀರಿ.”

ಭಾನುವಾರ ಆಟ ಶುರುವಾಗುವ ಮೊದಲು ಹಾಲೇಶ ಮಲ್ಲೇಶನ ಹೆಸರು ಹೇಳಿ, ಹನುಮಂತಮ್ಮನ ಹೆಸರು ಹೇಳಿ, ಕ್ಷಮೆ ಕೇಳಿದ. ನೋಟ್‌ಬುಕ್ ತಂದಿರಲಿಲ್ಲ. ಅವತ್ತು ಅವನು ಚೆಂಡು ಯಾರ ಹತ್ತಿರ ಇದೆ ಎಂಬುದನ್ನಷ್ಟೇ ಹೇಳುತ್ತ ಹೋದ.

ಕೊನೆಯ ಹೊತ್ತಿಗೆ ಗಂಗಾವತಿಯ ಹೊಸ ಗೋಲ್‌ಕೀಪರ್‌ನ ಕೈಯಿಂದಲೂ ಚೆಂಡು ಜಾರಿ ಒಳಗೆ ಹೋಯಿತು. ಅವನು ಮುಖ ಮುಚ್ಚಿಕೊಂಡು ಮೊಣಕಾಲೂರಿ ಕೂತ. ಕ್ಯಾಮೆರಾ ಅವನ ಮೇಲೇ ನಿಂತಿತ್ತು. ಮಾತಾಡು ಎಂದು ಕೇಬಲ್ ಮಾಲೀಕ ವಿರೂಪಾಕ್ಷಪ್ಪ ಕೈ ಸನ್ನೆ ಮಾಡಿದ. ಹಾಲೇಶ ಮಾತಾಡಲಿಲ್ಲ. ಇಬ್ಬರು ಆಟಗಾರರು ಬಂದು ಆ ಹುಡುಗನನ್ನು ಎಬ್ಬಿಸಿದರು. ಅವನು ನಿಂತ ಮೇಲೆ ಹಾಲೇಶ ಹೇಳಿದ, “ಎದ್ದು ನಿಂತಾನ. ಆಟ ಇನ್ನೂ ಐತಿ.”

ಸೋಮವಾರ ಮಧ್ಯಾಹ್ನ ಅವನು ಖಾನಾವಳಿಯ ಮುಂದೆ ತಲೆ ತಗ್ಗಿಸಿ ಹೋಗುತ್ತಿದ್ದ.

“ಮಣ್ಣಿನ ಸಾಹೇಬರ,” ಎಂಬ ದನಿ ಬಂತು. ಗೀತಾ ಬಾಗಿಲಲ್ಲಿ ನಿಂತಿದ್ದಳು. “ನಿನ್ನೆ ಕಡೀ ಗೋಲ್ ಆದ ಮ್ಯಾಲೆ ನಮ್ಮ ಟಿವಿ ಕೆಟ್ಟಿತು ಅಂತ ಕಾಳಪ್ಪ ಕಾಕಾ ರಿಮೋಟ್ ಬಡಕೋತ ಕುಂತಿದ್ರು. ಅಷ್ಟೊತ್ತು ಸುಮ್ಮನಿರ್ತಾರೇನ್ರಿ ಯಾರರ?”

ಹಾಲೇಶನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. “ದನಿ ಇಟ್ಟಿದ್ರೇನ್ರಿ?”

“ಅಣ್ಣ ಫೋನ್ ಮಾಡಿದ್ದ. ಹೊಸಪೇಟಿಗೆ ನಿಮ್ಮ ಕೇಬಲ್ ಬರಂಗಿಲ್ಲ. ಫೋನ್ ಟಿವಿ ಹತ್ರ ಹಿಡಿ ಅಂದ. ಹಿಡಿದ ಮ್ಯಾಲೆ ದನಿ ಇಡಲಾರ್ದ ಏನ್ ಮಾಡ್ಲಿ?” ಅವಳ ದನಿ ತೆಳ್ಳಗಾಯಿತು. “ಆಟ ಮುಗಿಯೋ ತನಕ ಫೋನ್ ಇಡಲಿಲ್ಲ ಅಂವ. ಯುಗಾದಿಗೆ ಬರ್ತೀನಿ ಅಂದಾನ.”

ಹಾಲೇಶ ಅಲ್ಲೇ ನಿಂತ.

“ಅಣ್ಣನ ಸಿಟ್ಟು ಇಳೀತು. ನನ್ನ ಸಿಟ್ಟು ಬ್ಯಾರೆ ಐತಿ, ಅದು ಇಳಿದಿಲ್ಲ,” ಎಂದಳು ಗೀತಾ. “ಎರಡು ತಿಂಗಳು ನಾನೊಬ್ಬಾಕಿನ ಮಾತಾಡೀನಿ. ಇನ್ನ ಮ್ಯಾಲೆ ದಿನಾ ಬಂದು ನೀವು ಮಾತಾಡಬೇಕು. ಇಳಿಯೋ ತನಕ.”

“ಭಾಳ ದಿನ ಹಿಡೀತೈತೇನೋ.”

“ಹಿಡೀಲಿ.” ಆಗ ಮಾತ್ರ ಅವಳು ಅವನ ಕಣ್ಣನ್ನು ನೇರವಾಗಿ ನೋಡಿದಳು. “ಮೊದಲ ದಿನ ಏನ್ ಕೇಳಬೇಕಂತ ಬಾಯಿ ತೆರೆದಿದ್ರಿ, ಅದನ್ನ ಕೇಳ್ರಿ.”

“ಎರಡು ರೊಟ್ಟಿ ಕೊಡ್ರಿ.”

ಅವಳು ಒಳಗೆ ಹೋಗಿ ತಟ್ಟೆ ತಂದಳು. ಬಿಸಿ ರೊಟ್ಟಿಯ ಮೇಲೆ ನೆಲ್ಲಿಕಾಯಿಯಷ್ಟು ಬೆಣ್ಣೆ, ಅಂಚಿನಿಂದ ಕರಗುತ್ತಿತ್ತು.

“ಅವ್ವ ಇಟ್ಟಾಳ. ನಾನಲ್ಲ,” ಎಂದು ಗೀತಾ ಮುಖ ತಿರುಗಿಸಿದಳು. ಆದರೆ ತಟ್ಟೆ ಇಟ್ಟ ಕೈಯನ್ನು ವೇಲಿನ ಮರೆಗೆ ಎಳೆದುಕೊಳ್ಳುವಾಗ, ಅವಳ ಹೆಬ್ಬೆರಳು ಬೆಣ್ಣೆಯಿಂದ ಹೊಳೆಯುತ್ತಿದ್ದುದನ್ನು ಹಾಲೇಶ ನೋಡಿದ.